ವಿದೇಶದಿಂದ ಕೊಡಗಿಗೆ ದೊಡ್ಡ ಲೆನ್ಸ್ ತರುವವರಿಗೆ

ನಾಗರಹೊಳೆಯ ಬೆಳಗಿನ ಸಫಾರಿಯಲ್ಲಿ ಬೆಳಕು ಸರಿಯಾಗಿ ಹರಿಯುವ ಮೊದಲೇ ಪ್ರಾಣಿ ಎದುರಾಗುವುದುಂಟು. ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸ್ ಹೆಚ್ಚು ಬೆಳಕು ಹಿಡಿಯುತ್ತದೆ; ಎಫ್/6.3 ಜೂಮ್‌ಗಿಂತ ಎಫ್/4 ಪ್ರೈಮ್ (ಜೂಮ್ ಆಗದ) ಲೆನ್ಸ್ ಹೆಚ್ಚುಕಡಿಮೆ ಎರಡೂವರೆ ಪಟ್ಟು ಬೆಳಕು ಒಳಗೆ ಬಿಡುತ್ತದೆ. ಅದರ ಬೆಲೆ ಮಾತ್ರ ಹಲವು ಲಕ್ಷ. ದುಬೈ, ಸಿಂಗಪುರ, ಟೋಕಿಯೊ ಕಡೆ ಕಣ್ಣು ಹೋಗುವುದು ಅದಕ್ಕೇ.

ಟಿಕೆಟ್ ಮಾಡಿಸುವ ಮೊದಲು ಕಸ್ಟಮ್ಸ್ ಲೆಕ್ಕ ಹಾಕಿ. ವಿಮಾನದಲ್ಲಿ ಬರುವವರ ಸುಂಕರಹಿತ ಮಿತಿ 2016ರ ನಿಯಮದಲ್ಲಿ 50,000 ರೂಪಾಯಿ ಇತ್ತು. ಮಿತಿ ಬದಲಾಗುತ್ತಿರುತ್ತದೆ, ಹೊರಡುವ ವಾರ ಇಲಾಖೆಯ ವೆಬ್‌ಸೈಟ್ ನೋಡಿಕೊಳ್ಳಿ. ಮಿತಿ ದಾಟಿದ ಮೊತ್ತಕ್ಕೆ ಶೇ 35 ಸುಂಕ, ಅದರ ಮೇಲೆ ಶೇ 10 ಸರ್ಚಾರ್ಜ್ ಸೇರಿದರೆ ಲಕ್ಷಕ್ಕೆ 38,500. ಗಂಡ ಹೆಂಡತಿ ಇಬ್ಬರ ಮಿತಿ ಕೂಡಿಸಿ ಒಂದು ಲೆನ್ಸ್‌ಗೆ ಹಚ್ಚುವಂತಿಲ್ಲ. ಹೊರದೇಶದಲ್ಲಿ ಕಾರ್ಡ್ ಉಜ್ಜಿದರೆ ಬ್ಯಾಂಕು ಶೇ 2ರಿಂದ 3.5ರವರೆಗೆ ಹಿಡಿದುಕೊಳ್ಳುತ್ತದೆ. ಮೆಷಿನ್ ಮೇಲೆ ರೂಪಾಯಿ ಬೇಕೋ ಅಲ್ಲಿನ ಹಣ ಬೇಕೋ ಎಂದು ಕೇಳಿದರೆ ಅಲ್ಲಿನ ಹಣವನ್ನೇ ಒತ್ತಿ. ಇಷ್ಟೆಲ್ಲ ಸೇರಿಸಿದ ಮೇಲೂ ಬೆಂಗಳೂರಿನ ಬೆಲೆಗಿಂತ ಕಡಿಮೆ ಬಂದರೆ ಮಾತ್ರ ಹೊರಡಿ.

ಅಲ್ಲಿ ಕೊಳ್ಳುವಾಗ ಪ್ರವಾಸಿಗರು ಕಟ್ಟಿದ ತೆರಿಗೆಯ ವಾಪಸಾತಿ ದೇಶಕ್ಕೊಂದು ತರ. ದುಬೈಯಲ್ಲಿ ವ್ಯಾಟ್ ಶೇ 5 ಅಷ್ಟೇ, ಹಾಗಾಗಿ ವಾಪಸ್ ಸಿಗುವುದೂ ಸ್ವಲ್ಪವೇ. ಸಿಂಗಪುರದಲ್ಲಿ 2024ರಿಂದ ಶೇ 9. ಬ್ರಿಟನ್ನಿನಲ್ಲಿ ಶೇ 20 ಇದ್ದರೂ 2021ರಿಂದ ಅಂಗಡಿಯಲ್ಲಿ ಕೊಂಡು ಕೈಯಲ್ಲಿ ತರುವ ಪ್ರವಾಸಿಗರಿಗೆ ವಾಪಸ್ ಇಲ್ಲ. ವಾಪಸಾತಿ ಕೌಂಟರಿನಲ್ಲಿ ವಸ್ತು ತೋರಿಸಿ ಅನ್ನಬಹುದು. ಲೆನ್ಸ್ ಅಷ್ಟರಲ್ಲೇ ಚೆಕ್‌ಇನ್ ಬ್ಯಾಗಿನಲ್ಲಿ ಹೋಗಿಬಿಟ್ಟಿದ್ದರೆ ದುಡ್ಡು ಬಿಟ್ಟುಕೊಟ್ಟಂತೆಯೇ.

ಜಪಾನ್ ನಮಗೆ ಹೆಚ್ಚು ಇಷ್ಟ, ಅದೂ ಸೆಕೆಂಡ್‌ಹ್ಯಾಂಡ್ ಲೆನ್ಸ್‌ಗೆ. ಅಲ್ಲಿ ತೆರಿಗೆ ಶೇ 10. ಪಾಸ್‌ಪೋರ್ಟ್ ತೋರಿಸಿ ಅಂಗಡಿಯಲ್ಲೇ ಕಳೆಯುವ ಪದ್ಧತಿ 2026ರ ನವೆಂಬರ್ 1ರಿಂದ ಬದಲಾಗಿ, ಪೂರ್ತಿ ಕಟ್ಟಿ ಹೊರಡುವಾಗ ವಾಪಸ್ ಪಡೆಯುವ ಕ್ರಮ ಬರುತ್ತದೆ. ಕ್ಯಾಮೆರಾ ಬಾಡಿ (ಲೆನ್ಸ್ ಬಿಟ್ಟು ಉಳಿದ ಭಾಗ) ಮಾತ್ರ ಅಲ್ಲಿ ಬೇಡ. ಜಪಾನಿಗೆಂದೇ ಮಾಡಿದ ಸೋನಿ ಬಾಡಿಗಳಲ್ಲಿ ಮೆನು ಜಪಾನಿ ಭಾಷೆಯಲ್ಲಷ್ಟೇ ಇರುತ್ತದೆ. ಬಾಡಿಯಲ್ಲಿ ಎಲೆಕ್ಟ್ರಾನಿಕ್ಸ್ ಹೆಚ್ಚು, ಅದಕ್ಕೆ ಇಲ್ಲಿನ ಬಿಲ್, ಇಲ್ಲಿನ ವಾರಂಟಿ ಇರಲಿ. ಕೆಟ್ಟರೆ ಬೆಂಗಳೂರಿಗೆ ಒಯ್ಯಬೇಕು, ಬಿಲ್ ಹೊರಗಿನದಾದರೆ ರಿಪೇರಿಗೆ ಕೈಯಿಂದ ಕೊಡಬೇಕು.

ಹಳೆ ಲೆನ್ಸ್ ನೋಡುವಾಗ ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಟಾರ್ಚ್ ಹಿಡಿದು, ಮುಂದಿನಿಂದ ಓರೆಯಾಗಿ ನೋಡಿ. ಜೇಡರ ಬಲೆಯಂತೆ ಕವಲೊಡೆದ ಬಿಳಿ ಎಳೆ ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾದರೂ ಬಿಡಿ; ನಮ್ಮ ಮಳೆಗಾಲದಲ್ಲಿ ಅದು ಹಬ್ಬುತ್ತದೆ. ಒಂದೆರಡು ಧೂಳಿನ ಕಣ ಇದ್ದರೆ ಚಿತ್ರಕ್ಕೇನೂ ಆಗದು. ಲೆನ್ಸನ್ನು ನಿಮ್ಮ ಕ್ಯಾಮೆರಾಕ್ಕೆ ಹಾಕಿ, ಅಪರ್ಚರ್ (ಬೆಳಕು ಬಿಡುವ ಕಿಂಡಿ) ಪೂರ್ತಿ ತೆರೆದು, ಎದುರಿನ ಗೋಡೆಯನ್ನು ನೇರವಾಗಿ ತೆಗೆದು ನಾಲ್ಕೂ ಮೂಲೆ ದೊಡ್ಡದು ಮಾಡಿ ನೋಡಿ. ಒಂದೇ ಮೂಲೆ ಮಸುಕಾಗಿದ್ದರೆ ಒಳಗಿನ ಗಾಜು ಸರಿದಿರಬಹುದು, ಬೀಳಿಸಿದ ಲೆನ್ಸ್‌ನ ಲಕ್ಷಣ ಅದು. ಬಿಲ್ಲಿನ ಸೀರಿಯಲ್ ನಂಬರನ್ನು ಲೆನ್ಸ್ ಮೇಲಿನದರ ಜೊತೆ ತಾಳೆ ನೋಡಿ.

ಇಲ್ಲಿಂದ ಕ್ಯಾಮೆರಾ ಬಾಡಿ ಒಯ್ಯುತ್ತೀರಾದರೆ, ಹೊರಡುವಾಗಲೇ ಏರ್‌ಪೋರ್ಟ್ ಕಸ್ಟಮ್ಸ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಮಾಡಿಸಿ. ಇಲ್ಲವಾದರೆ ಬರುವಾಗ ಅದಕ್ಕೂ ಸುಂಕ ಕೇಳಬಹುದು. ಸೋನಿ 600 ಎಂಎಂ ಎಫ್/4 ಒಂದೇ 3 ಕಿಲೊ ಮೇಲಿದೆ, ಹಲವು ವಿಮಾನಗಳ ಕ್ಯಾಬಿನ್ ಮಿತಿ 7 ಕಿಲೊ. ಬಟ್ಟೆಯನ್ನು ಚೆಕ್‌ಇನ್‌ಗೆ ಹಾಕಿ. ಬಿಡಿ ಬ್ಯಾಟರಿ ಮಾತ್ರ ಕೈಚೀಲದಲ್ಲೇ. ಇಳಿದ ಮೇಲೆ ಸುಂಕ ಕಟ್ಟುವವರ ಸಾಲಾದ ರೆಡ್ ಚಾನೆಲ್‌ಗೆ ಹೋಗಿ ಬಿಲ್ ಕೊಡಿ. ಬಾಕ್ಸ್ ಬಿಸಾಡಿ ಹಳೆಯದು ಅನ್ನಿ ಎಂಬ ಸಲಹೆ ಕೇಳಬೇಡಿ, ಸಿಕ್ಕಿಬಿದ್ದರೆ ದಂಡದ ಜೊತೆ ಲೆನ್ಸೂ ಹೋದೀತು. ಸುಂಕದ ರಸೀದಿಯನ್ನು ಲೆನ್ಸ್ ಇರುವಷ್ಟು ಕಾಲ ಇಟ್ಟುಕೊಳ್ಳಿ.

ಕೊಲ್ಲಿಗೆ ಹೋಗುವವರಿಗೆ, ಅದರಲ್ಲೂ ವಿರಾಜಪೇಟೆ ಕಡೆಯವರಿಗೆ, ಕಣ್ಣೂರು ಏರ್‌ಪೋರ್ಟೇ ಹತ್ತಿರ. ಆದರೆ ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿಗೆ ಹೋಗುವ ಮಾಕುಟ್ಟ ಘಾಟಿಯಲ್ಲಿ ಮಣ್ಣು ಕುಸಿದು ದಾರಿ ನಿಲ್ಲುವುದುಂಟು. ಕಾಫಿ ಕೊಯ್ಲು ಮುಗಿದ ಮಾರ್ಚ್, ಏಪ್ರಿಲ್‌ನಲ್ಲಿ ಹೋಗಿಬಂದರೆ ಒಳ್ಳೆಯದು. ತಂದ ಲೆನ್ಸ್‌ಗೆ ಬೂಷ್ಟು ಹಿಡಿಯದಂತೆ, ತೇವಾಂಶ ಶೇ 40ರಿಂದ 50ರಲ್ಲಿ ನಿಲ್ಲಿಸುವ ಡ್ರೈ ಕ್ಯಾಬಿನೆಟ್ಟನ್ನು ಹೊರಡುವ ಮುಂಚೆಯೇ ಇಲ್ಲೇ ಕೊಂಡು, ಕರೆಂಟು ಹೋದಾಗ ಯುಪಿಎಸ್‌ನಿಂದ ಓಡುವ ಹಾಗೆ ಜೋಡಿಸಿಡಿ.