ಮುತ್ಯಾನ ಶೇರ್ವಾನಿ, ಐದು ಬಿದ್ರಿ ಗುಂಡಿ

ತಮ್ಮನ ಮದುವೆ ಗೊತ್ತಾದ ವಾರವೇ ಟ್ರಂಕಿನಿಂದ ಶೇರ್ವಾನಿ ಹೊರಬಂತು. ಮುತ್ಯಾ 1944ರಲ್ಲಿ ತನ್ನ ಮದುವೆಗೆ ತೊಟ್ಟದ್ದು ಅಂತ ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತಾ ಬಂದ ಬಟ್ಟೆ. ಆಗ ಕಲಬುರಗಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಅದೇ ಶೇರ್ವಾನಿ ಹಾಕಿಕೊಳ್ಳಬೇಕು ಅಂತ ತಮ್ಮನ ಆಸೆ. ಭುಜ ಸ್ವಲ್ಪ ಬಿಗಿಯಾಗಿತ್ತು. ಸೂಪರ್ ಮಾರ್ಕೆಟ್ ಹತ್ತಿರದ ವಯಸ್ಸಾದ ಟೇಲರ್ ಚಾಚಾ ಹತ್ತಿರ ತೆಗೆದುಕೊಂಡು ಹೋದೆ.

ಚಾಚಾ ಮೊದಲು ಗುಂಡಿ ನೋಡಲಿಲ್ಲ, ಬಣ್ಣ ನೋಡಲಿಲ್ಲ. ಸೀದಾ ಒಳಮೈ ತಿರುವಿ ಹಾಕಿದರು. ಅಸ್ತರಿಗೆ, ಒಳಜೇಬಿನ ಮೇಲೆ, ಒಂದು ಸಣ್ಣ ಲೇಬಲ್ ಇತ್ತು. ನಾವು ಯಾರೂ ಅದನ್ನು ಓದಿಯೇ ಇರಲಿಲ್ಲ. ಅಂಗಡಿಯ ಹೆಸರು ಸವೆದಿದೆ. ಕೆಳಗಿನ ಸಾಲು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಸ್ಪಷ್ಟವಾಗಿದೆ: ಗುಲ್ಬರ್ಗಾ, ಮೈಸೂರ್ ಸ್ಟೇಟ್.

ಎದೆ ಧಸಕ್ಕೆಂದಿತು. ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ಕ್ಕೆ. ಆ ರಾಜ್ಯಕ್ಕೆ ಕರ್ನಾಟಕ ಅಂತ ಹೆಸರಾದದ್ದು 1973ರ ನವೆಂಬರ್ 1ಕ್ಕೆ. ಈ ಕೋಟು ಹೊಲಿದದ್ದು ಆ ಹದಿನೇಳು ವರ್ಷದ ಒಳಗೇ ಇರಬೇಕು. ಪಿನ್ ಕೋಡ್ ಇಲ್ಲ, ಅದು ಬಂದದ್ದು 1972ರಲ್ಲಿ. ಆದರೆ ಲೇಬಲ್ ಮೇಲೆ ಪಿನ್ ಹಾಕದೆ ಇದ್ದವರೂ ಇರುತ್ತಾರೆ, ಅದನ್ನು ನಾನು ಸಾಕ್ಷಿ ಅಂತ ಹಿಡಿಯಲಿಲ್ಲ.

ಯಾರೋ ಆಮೇಲೆ ಲೇಬಲ್ ಹಚ್ಚಿರಬಹುದಲ್ವಾ ಅಂದೆ. ಚಾಚಾ ಹೊಲಿಗೆಯ ಒಳಗಿನ ಮಾರ್ಜಿನ್‌ನಿಂದ ಎರಡು ಎಳೆ ಎಳೆದು ಕಡ್ಡಿ ಗೀರಿದರು. ಕೂದಲು ಸುಟ್ಟ ವಾಸನೆ ಬಂತು, ಅದು ಉಣ್ಣೆಯದು. ಆದರೆ ಬೂದಿ ಪುಡಿಯಾಗಲಿಲ್ಲ. ತುದಿಯಲ್ಲಿ ಸಾಸಿವೆಯಷ್ಟು ಕರಿ ಮಣಿ ಕಟ್ಟಿತು, ಉಗುರಿಗೆ ಗಟ್ಟಿ ತಾಗಿತು.

"ಪೂರಾ ಉಲ್ಲನ್ ಅಲ್ಲ ಬೇಟಿ, ಟೆರಿವುಲ್ ಅದ," ಅಂದರು.

ಟೆರಿವುಲ್ ಅಂದರೆ ಉಣ್ಣೆಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆ. ಆ ಕರಿ ಮಣಿ ಪಾಲಿಯೆಸ್ಟರಿನದು. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ. ಯುದ್ಧದ ನಡುವೆ ಅದು 1944ಕ್ಕೆ ಕಲಬುರಗಿಯ ಟೇಲರ್ ಅಂಗಡಿಗೆ ಬಂದಿರುವ ಮಾತೇ ಇಲ್ಲ. ಹಳೆಯ ಬಟ್ಟೆ ನೋಡುವಾಗ ಅದರಲ್ಲಿರುವ ಎಲ್ಲಕ್ಕಿಂತ ಹೊಸ ವಸ್ತುವನ್ನು ಹುಡುಕಬೇಕು. ಅದು ಆಮೇಲೆ ಸೇರಿಸಿದ್ದಲ್ಲದಿದ್ದರೆ, ಬಟ್ಟೆ ಅದಕ್ಕಿಂತ ಹಳೆಯದಾಗಲು ಸಾಧ್ಯವಿಲ್ಲ.

ಹಾಗಾದರೆ ಮನೆಯವರು ಇಷ್ಟು ವರ್ಷ ಹೇಳಿದ್ದು ಸುಳ್ಳಾ? ನನಗೆ ನಿಜಕ್ಕೂ ಸಂಕಟವಾಯಿತು. ಆಗ ಚಾಚಾ ಗುಂಡಿಗೆ ಬಂದರು.

ಮೇಲಿನ ಐದು ಬಿದ್ರಿ ಗುಂಡಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ನೀರಲ್ಲಿ ಕಪ್ಪು ಮಾಡುತ್ತಾರೆ. ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಂದೊಂದರ ಮೇಲೂ ಐದು ಎಸಳಿನ ಹೂವು. ಶೇರ್ವಾನಿಯ ಇಂಥ ಗುಂಡಿಗಳನ್ನು ಹೊಲಿಯುವುದಿಲ್ಲ. ಬಟ್ಟೆಯಲ್ಲಿ ಸಣ್ಣ ಕಣ್ಣು ಮಾಡಿ, ಗುಂಡಿಯ ಕೊಂಡಿ ಹಿಂದಕ್ಕೆ ತೂರಿಸಿ, ರಿಂಗ್ ಹಾಕುತ್ತಾರೆ. ಒಗೆಯಲು ಕೊಡುವಾಗ ಬಿಚ್ಚಿಡಬಹುದು, ಬೇರೆ ಕೋಟಿಗೂ ಹಾಕಬಹುದು.

ಕೆಳಗಿನ ಎರಡು ಗುಂಡಿ ಬಟ್ಟೆ ಸುತ್ತಿದ ಸಾದಾ ಗುಂಡಿ, ದಾರದಲ್ಲಿ ಹೊಲಿದದ್ದು. ಚಾಚಾ ಅವುಗಳ ಅಡಿಯನ್ನು ಬೆಳಕಿಗೆ ಹಿಡಿದರು. ಅಲ್ಲಿ ಕಣ್ಣೇ ಇಲ್ಲ. ಅಂದರೆ ಕೋಟು ಹೊಲಿಯುವಾಗಲೇ ಬಿದ್ರಿ ಗುಂಡಿ ಐದೇ ಇದ್ದವು. ಅವುಗಳ ಕೊಂಡಿ ಸವೆದು ತೆಳುವಾಗಿವೆ. ಆದರೆ ಅವು ಕೂತ ಕಣ್ಣಿನ ಸುತ್ತಲಿನ ರೇಷ್ಮೆ ದಾರ ಇನ್ನೂ ಗುಂಡಗೆ, ಹೊಸದರಂತೆ ಇದೆ. ಗುಂಡಿ ಜಾಸ್ತಿ ದುಡಿದಿವೆ, ಕೋಟು ಕಮ್ಮಿ.

ಸಂಜೆ ಶೇರ್ವಾನಿ ತಂದು ಅತ್ತಿಯ ತೊಡೆಯ ಮೇಲೆ ಇಟ್ಟೆ. ಅಪ್ಪನ ಅಕ್ಕ, ಎಂಬತ್ತರ ಹತ್ತಿರ. ಲೇಬಲ್ ಬಗ್ಗೆ ಹೇಳಿದೆ. ಆಕೆ ಗುಂಡಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸವರಿದಳು.

"ಮದುವಿ ಕೋಟು ನುಸಿ ತಿಂದು ಹೋಗಿತ್ತವ್ವ. ಅಪ್ಪ ಗುಂಡಿ ಅಷ್ಟ ಬಿಚ್ಚಿ ಡಬ್ಬ್ಯಾಗ ಇಟ್ಟಿದ್ದ. ಇದು ಆಮ್ಯಾಲ ಹೊಲಿಸಿದ್ದು."

"ಏಳು ಇದ್ದವಾ ಅತ್ತಿ?"

ಅತ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ಏಳ ಇದ್ವು. ನಾ ಸಣ್ಣಾಕಿ ಇದ್ದಾಗ ಎರಡು ತಗೊಂಡು ಬಾವಿ ಕಟ್ಟಿ ಮ್ಯಾಲ ಆಡ್ಲಿಕ್ಕೆ ಕೂತಿದ್ದೆ. ಅಪ್ಪಗ ಇಲ್ಲೀ ತನಕ ಹೇಳಿಲ್ಲ ನೋಡು."