ಲೇಹ್‌ನ ಮೊದಲ ರಾತ್ರಿ

ಲೇಹ್‌ಗೆ ವಿಮಾನದಲ್ಲಿ ಹೋಗಿ ಇಳಿದ ರಾತ್ರಿ ಅಣ್ಣ ತಲೆನೋವು, ವಾಂತಿಯಿಂದ ನರಳುತ್ತಿದ್ದರೆ, ಪಕ್ಕದಲ್ಲೇ ಮಲಗಿದ್ದ ನನಗೆ ತುಸು ಏದುಸಿರು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಬೆಂಗಳೂರಿನಿಂದ ತಂದಿದ್ದ ಬಿಸ್ಕತ್ತಿನ ಪೊಟ್ಟಣ ಮಂಚದ ಬಳಿ ಬಿರಿಯುವಂತೆ ಉಬ್ಬಿಕೊಂಡಿತ್ತು. ಸುಮಾರು 3,500 ಮೀಟರ್ ಎತ್ತರದ ಆ ಊರಿನ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇಕಡಾ 21ರಷ್ಟೇ ಇದ್ದರೂ, ವಾಯುವಿನ ಒತ್ತಡ ಕಡಲತೀರದಲ್ಲಿರುವುದರ ಮೂರನೇ ಎರಡು ಭಾಗದಷ್ಟಕ್ಕೆ ಇಳಿದಿರುತ್ತದೆ. ಹಾಗಾಗಿ ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕ ಕಡಿಮೆ; ಅದಕ್ಕೆ ದೇಹ ಒಗ್ಗದಿದ್ದಾಗ ಬರುವುದೇ ಅಣ್ಣನನ್ನು ಕಾಡಿದ ಎತ್ತರದ ಕಾಯಿಲೆ.

ಒಂದೇ ತಾಯಿಯ ಮಕ್ಕಳಲ್ಲಿ ಇಷ್ಟು ವ್ಯತ್ಯಾಸವೇಕೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಜ್ವರ, ಆಮ್ಲಜನಕದ ಕೊರತೆ ಮುಂತಾದ ಸಂಕಟಗಳಲ್ಲಿ ನಮ್ಮ ಜೀವಕೋಶಗಳು ಎಚ್‌ಎಸ್‌ಪಿ70 ಎಂಬ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುತ್ತವೆ; ಅದು ಮಡಿಕೆ ಕೆಟ್ಟ ಇತರ ಪ್ರೋಟೀನುಗಳನ್ನು ಹಿಡಿದು ಮತ್ತೆ ಸರಿಯಾದ ಆಕಾರಕ್ಕೆ ತರಲು ನೆರವಾಗುತ್ತದೆ. ಈ ಪ್ರೋಟೀನ್ ಬಳಗದ ಮೂರು ಜೀನುಗಳು 6ನೆಯ ವರ್ಣತಂತುವಿನಲ್ಲಿ, ರೋಗನಿರೋಧಕ ಜೀನುಗಳ ನೆರೆಯಲ್ಲೇ ಸಾಲಾಗಿವೆ. ಚೀನಾದ ಹಾನ್ ಜನರಲ್ಲಿ ಎತ್ತರದ ಕಾಯಿಲೆಗೆ ತುತ್ತಾದವರನ್ನೂ ಆಗದವರನ್ನೂ ಹೋಲಿಸಿದ ಸಂಶೋಧಕರಿಗೆ, ಈ ಜೀನುಗಳ ಕೆಲವು ರೂಪಗಳು ಕಾಯಿಲೆಯಾದವರಲ್ಲಿ ಹೆಚ್ಚಾಗಿ ಕಂಡುಬಂದವು.

ಇದನ್ನು ಹಣೆಬರಹವೆಂದು ಓದಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಎಷ್ಟು ವೇಗವಾಗಿ ಮೇಲೇರಿದೆವು ಎಂಬುದೇ ಬಹುಮಟ್ಟಿಗೆ ಕಾಯಿಲೆಯನ್ನು ನಿರ್ಧರಿಸುತ್ತದೆ. ಜೊತೆಗೆ ಬೇರೆ ಹಲವು ಜೀನುಗಳೂ ಪಾಲು ಪಡೆಯುತ್ತವೆ. ಟಿಬೆಟಿಯನ್ನರ ರಕ್ತದಲ್ಲಿ ಹಿಮೋಗ್ಲೋಬಿನ್ ಅತಿಯಾಗಿ ಏರದಂತೆ ತಡೆಯುವ ಇಪಿಎಎಸ್1 ಜೀನಿನ ರೂಪವು ಡೆನಿಸೋವನ್ ಎಂಬ ಅಳಿದುಹೋದ ಮಾನವರಿಂದ ಬಂದದ್ದೆಂದು 2014ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಮರುದಿನ ಲೇಹ್‌ಗಿಂತಲೂ ಎತ್ತರದ ಖಾರ್ದುಂಗ್ ಲಾ ಕಣಿವೆದಾರಿಗೆ ಹೊರಡಬೇಕಿದ್ದ ಗಾಡಿಯನ್ನು ಬೇಡವೆಂದೆವು. ಮೂರನೆಯ ಬೆಳಿಗ್ಗೆ ಅಣ್ಣ ತಾನಾಗಿ ಎದ್ದು ಕುಳಿತು, ಚಹಾ ಕೇಳಿದ.