ಗೋಬ್ನಿಟ್ ಸಂತಳ ಬಾವಿಗೆ ಹೋಗುವವರಿಗೆ

ಐರ್ಲೆಂಡಿನ ಕಾರ್ಕ್‌ನಿಂದ ಕಿಲಾರ್ನಿಗೆ ಹೋಗುವವರು ಈ ಬಾವಿ ಇರುವ ಬ್ಯಾಲಿವೂರ್ನಿ ಊರನ್ನು ಸುಮ್ನೆ ದಾಟಿಬಿಡುತ್ತಾರೆ. ಬೈಪಾಸ್ ಬಂದ ಮೇಲಂತೂ ಊರು ಕಣ್ಣಿಗೇ ಬೀಳುವುದಿಲ್ಲ. ನೀವು ಹಳೇ ರಸ್ತೆಗೆ ಇಳಿಯಿರಿ, ಅರ್ಧ ದಿನ ಎತ್ತಿಡಿ. ಇದು ಐರಿಷ್ ಮಾತಾಡುವ ಸೀಮೆ. ಬೋರ್ಡಿನಲ್ಲಿ ಊರಿನ ಹೆಸರೂ ಐರಿಷ್‌ನಲ್ಲೇ ಇರುತ್ತದೆ, ಮೊದಲೇ ನೋಡಿಟ್ಟುಕೊಳ್ಳಿ.

ಒಂಬತ್ತು ಬಿಳಿ ಜಿಂಕೆಗಳು ಮೇಯುವುದು ಕಂಡಲ್ಲಿ ನೆಲೆ ನಿಲ್ಲು ಎಂದು ದೇವದೂತ ಗೋಬ್ನಿಟ್‌ಗೆ ಹೇಳಿದನಂತೆ. ಕ್ಲೋನ್‌ಡ್ರೊಹಿಡ್‌ನಲ್ಲಿ ಮೂರು, ಬ್ಯಾಲಿಮಕೀರಾದಲ್ಲಿ ಆರು, ಇಲ್ಲಿಗೆ ಬಂದಾಗ ಒಂಬತ್ತು! ದನ ಕದಿಯಲು ಬಂದವರ ಮೇಲೆ ಜೇನುನೊಣ ಬಿಟ್ಟು ಓಡಿಸಿದಳು ಎನ್ನುತ್ತಾರೆ. ಶೇಮಸ್ ಮರ್ಫಿ ಕೆತ್ತಿದ ಪ್ರತಿಮೆಯ ಬುಡದಲ್ಲಿ ಆ ಜೇನುನೊಣಗಳನ್ನು ಹುಡುಕಿ ನೋಡಿ.

ಪ್ರತಿಮೆಯ ಹತ್ತಿರವೇ ಅವಳ ಮನೆ ಎನ್ನುವ ದುಂಡನೆಯ ಕಲ್ಲುಗೋಡೆ, ಪಕ್ಕದಲ್ಲಿ ಬಾವಿ. ಭಕ್ತರು ಪ್ರದಕ್ಷಿಣೆ ಹಾಕುತ್ತಾ ಸಣ್ಣ ಕಲ್ಲಿನಿಂದ ಗೋಡೆಯ ಕಲ್ಲುಗಳ ಮೇಲೆ ಶಿಲುಬೆ ಗೀಚುತ್ತಾರೆ. ಒಂದೇ ಗೆರೆಯ ಮೇಲೆ ಗೀಚಿ ಗೀಚಿ ಅದು ಬೆರಳು ಕೂರುವಷ್ಟು ಆಳವಾಗಿದೆ. ನಾನು ಜಾಸ್ತಿ ಹೊತ್ತು ನಿಂತಿದ್ದು ಅಲ್ಲೇ. 1951ರಲ್ಲಿ ಪುರಾತತ್ವಜ್ಞ ಎಂ. ಜೆ. ಓಕೆಲಿ ಇಲ್ಲಿ ಅಗೆದಾಗ ಕಬ್ಬಿಣದ ಕೆಲಸದ ಕುರುಹು ಸಿಕ್ಕಿತು. ಗೋಬ್ನಿಟ್‌ಳನ್ನು ಕಮ್ಮಾರರೂ ತಮ್ಮ ಸಂತಳೆನ್ನುತ್ತಾರೆ, ಹಾಗಾಗಿ ನನಗಿದು ಬರೀ ಕಾಕತಾಳೀಯ ಅನ್ನಿಸಲಿಲ್ಲ.

ಇದೇ ಊರಿನ ಸುತ್ತ ಓಕೆಲಿ ಇನ್ನೊಂದು ಕೆಲಸ ಮಾಡಿದರು. ಐರ್ಲೆಂಡಿನ ತೊರೆಗಳ ಬದಿ, ಜೌಗು ನೆಲದಲ್ಲಿ ಸುಟ್ಟು ಒಡೆದ ಕಲ್ಲುಗಳ ಗುಡ್ಡೆಗಳಿವೆ. ಫುಲಾಖ್ತ್ ಫಿಯಾ ಅಂತ ಹೆಸರು, ಹೆಚ್ಚಿನವು ಕಂಚಿನ ಯುಗದವು. ಇವು ಹಳಬರು ತೊಟ್ಟಿಯಲ್ಲಿ ನೀರು ಕಾಯಿಸಿ ಅಡುಗೆ ಮಾಡಿದ ಜಾಗಗಳಿರಬಹುದು ಎನ್ನುತ್ತಾರೆ. ಓಕೆಲಿ ಅಂಥ ಒಂದು ಗುಡ್ಡೆಯ ಮರದ ತೊಟ್ಟಿಯನ್ನು ಮತ್ತೆ ಕಟ್ಟಿ, ಕಾದ ಕಲ್ಲು ಹಾಕಿ ಸುಮಾರು 450 ಲೀಟರ್ ನೀರನ್ನು ಅರ್ಧ ಗಂಟೆ ಚಿಲ್ಲರೆಯಲ್ಲಿ ಕುದಿಸಿದರು. ಹುಲ್ಲು ಸುತ್ತಿದ ಕುರಿಯ ತೊಡೆಯನ್ನೂ ಅದರಲ್ಲೇ ಬೇಯಿಸಿದರು. ಹೊಲದಲ್ಲಿ ಹುಲ್ಲು ಮುಚ್ಚಿದ ಕುದುರೆಲಾಳದ ಆಕಾರದ ದಿಬ್ಬ ಕಂಡರೆ ಅದು ಇಂಥದ್ದೇ ಇರಬಹುದು. ಆದರೆ ಹೊಲದ ಮಾಲೀಕರನ್ನು ಕೇಳದೆ ಬೇಲಿ ದಾಟಬೇಡಿ.

ಫೆಬ್ರವರಿ 11 ಇಲ್ಲಿನ ಜಾತ್ರೆ. ಅಂದು ಚರ್ಚಿನಲ್ಲಿ ಸಂತಳ ಹಳೆಯ ಮರದ ವಿಗ್ರಹ ಹೊರಗೆ ಬರುತ್ತದೆ. ಜನ ರಿಬ್ಬನ್ನನ್ನು ಅದರ ಉದ್ದಕ್ಕೆ ಅಳೆದು, ರೋಗ ವಾಸಿಯಾಗಲಿ ಎಂದು ಮನೆಗೆ ಒಯ್ಯುತ್ತಾರೆ. ನೀವೂ ರಿಬ್ಬನ್ ಒಯ್ಯಿರಿ. ಚಳಿ, ಮಳೆ ಎರಡೂ ಇರುತ್ತವೆ, ನೀರು ಹೋಗದ ಬೂಟು ಬೇಕೇ ಬೇಕು. ಬಾವಿಯ ನೀರನ್ನು ಕೈಗೆ, ಮುಖಕ್ಕೆ ಹಚ್ಚಿಕೊಳ್ಳಿ, ಕುಡಿಯಲು ಬೇರೆ ನೀರಿನ ಬಾಟಲಿ ಒಯ್ಯಿರಿ.

ಹೊರಡುವ ಮೊದಲು ಡೂಖಸ್ (duchas.ie) ಎಂಬ ಐರಿಷ್ ಜಾನಪದ ಜಾಲತಾಣ ತೆರೆಯಿರಿ. 1937ರಿಂದ 1939ರವರೆಗೆ ಐರಿಷ್ ಶಾಲಾಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದ ಕಥೆಗಳು ಅಲ್ಲಿವೆ. ಊರಿನ ಹೆಸರು ಹಾಕಿ ಹುಡುಕಿದರೆ ಸಾಕು, ಓದಲು ದುಡ್ಡು ಕೊಡಬೇಕಿಲ್ಲ.